ನಮ್ಮ ಮನೆಯ ಹಗೇವು

ಮೊನ್ನೆ ಪಕ್ಕದ ಮನೆಯವರು ಸ್ಕೂಟರು ನಿಲ್ಲಿಸಲು ಜಾಗ ಬೇಕೆಂದು ಅಂಗಳ ಅಗೆಸುತ್ತಿದ್ದರು. ಗುದ್ದಲಿ ಒಮ್ಮೆಲೇ ಒಳಕ್ಕೆ ಕುಸಿದು ಒಂದು ನಾತ ಮೇಲೆದ್ದು ಬಂತು. ಹಳೆಯ ಜೋಳ, ಬೂದಿ, ಹುಳಿ ಎಲ್ಲ ಕೂಡಿದ ಬೆಚ್ಚನೆಯ ನಾತ. ಕೂಲಿಯವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಚಹಾದ ಬಟ್ಟಲು ಹಿಡಿದುಕೊಂಡೇ ಬಾಗಿಲಿಗೆ ಓಡಿದೆ. ನೀವು ಈಚಿನವರಾದರೆ ಹೇಳಬೇಕು: ಹಗೇವು ಅಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡನೆಯ ಕುಣಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಅದರ ನಾತಕ್ಕೆ ಬೇರೆಯವರಿಗೆ ರೊಟ್ಟಿ ನೆನಪಾದೀತು. ನನಗೆ ನೆನಪಾಗುವುದು ನಾನು ಕೆಂಬಾವುಟದ ಪಕ್ಷ ಸೇರಿದ್ದು.

ಆಗ ಮಹಾಯುದ್ಧದ ಕಾಲ, ನಮ್ಮ ಕಡೆ ನಿಜಾಮರ ಆಳ್ವಿಕೆ. ಕೊಪ್ಪಳದಲ್ಲಿ ಸಾಲೆ ಮುಗಿಸಿ ನಮ್ಮೂರು ತಾವರಗೇರಾಕ್ಕೆ ಮರಳಿದಾಗ ನನ್ನ ಸ್ವಂತ ಆಸ್ತಿ ಎಂದರೆ ಆಗಷ್ಟೇ ಮೂಡಿದ ಮೀಸೆ ಮತ್ತು ಆಗಷ್ಟೇ ಸಿಕ್ಕ ಪಕ್ಷದ ಸದಸ್ಯತ್ವ. ನಮ್ಮ ಕಾರ್ಯದರ್ಶಿ ಕೊಪ್ಪಳದವರು, ದಪ್ಪ ಕನ್ನಡಕದ ಮೆತ್ತನೆಯ ಮನುಷ್ಯ. ಲೋಕದ ಯಾವ ದೇಶದ ದುಡಿಯುವವರ ಸಂಗತಿ ಕೇಳಿದರೂ ಬಲ್ಲವರು. ಅವರ ಮಾತು ಕೇಳಿ ಕೇಳಿ ನಾನು ಮನೆಯ ಎತ್ತುಗಳಿಗೂ ಭಾಷಣ ಮಾಡತೊಡಗಿದ್ದೆ. ಎತ್ತುಗಳು ತಲೆ ಆಡಿಸುತ್ತಿದ್ದವು. ಅಪ್ಪ ಆಡಿಸುತ್ತಿರಲಿಲ್ಲ.

ಆ ವರ್ಷ ಸಂತೆಯಲ್ಲಿ ಜೋಳವೇ ಕಾಣದಾಯಿತು. ಒಂದಿಷ್ಟನ್ನು ಸರ್ಕಾರ ಲೆವಿ ಎಂದು ಒಯ್ದಿತು, ಉಳಿದದ್ದು ಬೆಲೆ ಇನ್ನೂ ಏರಲೆಂದು ಹಗೇವುಗಳಲ್ಲಿ ಮಲಗಿತ್ತು. ಕೂಲಿಯವರ ಮನೆಗಳಲ್ಲಿ ಒಲೆ ಹೊತ್ತುವುದೇ ಅಪರೂಪ. ಹಗೇವು ತೆಗೆಸಿ ನ್ಯಾಯದ ಬೆಲೆಗೆ ಕಾಳು ಮಾರಿಸಬೇಕೆಂದು ಪಕ್ಷ ಗೊತ್ತುಮಾಡಿತು. ಬೇವಿನ ಗಿಡದ ಕೆಳಗಿನ ಸಭೆಯಲ್ಲಿ ನಾನು ಗಂಟಲು ಹರಿಯುವಂತೆ ಮಾತಾಡಿದೆ. ಮುಗಿಸುತ್ತಲೇ, ನಮ್ಮ ಹೊಲದಲ್ಲೇ ಕಳೆ ತೆಗೆಯುವ ಹನುಮವ್ವ ಎದ್ದು ನಿಂತಳು.

"ಭಾಳ ಛಲೋ ಮಾತಾಡಿದ್ರಿ, ಸಣ್ಣ ಗೌಡ್ರ. ನಿಮ್ಮ ಮನೀ ಹಗೇವು ಯಾವಾಗ ತಗೀತೀರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನನ್ನ ನಗೆ ಬೇಗ ಮುಗಿಯಿತು. ಊರಿಗೆಲ್ಲ ದೊಡ್ಡ ಹಗೇವು ನಮ್ಮದೇ. ಅದನ್ನು ಬಿಟ್ಟು ಬೇರೆಯವರ ಬಾಗಿಲಿಗೆ ಹೋದರೆ ಪಕ್ಷದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಕೈ ಹಾಕಿದರೆ ಅಪ್ಪ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಮನೆಗೆ ಬಂದು, ನಮ್ಮ ಹಗೇವನ್ನೇ ಮೊದಲು ತೆಗೆಯಬೇಕೆಂದು ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ಅದೇ ಬೆರಳನ್ನು ನನ್ನತ್ತ ಎತ್ತಿದ. "ಕಲ್ಲಿಗಿ ಕೈ ಹಚ್ಚಿದಿ ಅಂದ್ರ ನೀ ನನ್ನ ಮಗಾ ಅಲ್ಲ. ತಿಳೀತಿಲ್ಲೋ?"

ಅವ್ವ ಒಳಗಿನಿಂದ, "ಮೊದಲ ಇಬ್ರೂ ಉಣ್ಣಾಕ ಬರ್ರಿ. ಮಗಾ ಹೌದೋ ಅಲ್ಲೋ ಆಮ್ಯಾಲ ನೋಡೂಣಂತ" ಎಂದಳು. ಅಪ್ಪನೆಂದರೆ ಅಂಜಿಕೆ ಮಾತ್ರವಲ್ಲ, ನನಗೆ ಪ್ರೀತಿಯೂ ಇತ್ತು.

ಮರುದಿನ ಮುಂಜಾನೆ ಬಾವುಟ ಹಿಡಿದು, ಮಂದಿಯನ್ನು ಕರೆದುಕೊಂಡು ನಮ್ಮ ಅಂಗಳಕ್ಕೇ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಿದ್ದ. ನಾವು ಮಣ್ಣು ಕೆದರಿ ಕಲ್ಲು ಸರಿಸಿದೆವು. ಘೋಷಣೆ ಮುಗಿಲಿಗೆ ಮುಟ್ಟಿತು. ಮೊದಲು ಇಳಿಯುವ ಮಾನ ಹೊಸ ಸದಸ್ಯನದೇ ಎಂದು ಕಾರ್ಯದರ್ಶಿಗಳು ತಾವೇ ನನ್ನ ಸೊಂಟಕ್ಕೆ ಹಗ್ಗ ಬಿಗಿದರು. ಅವರ ಗಂಟಿಗೆ ಒಂದು ಕುಂಬಳಕಾಯಿಯೂ ನಿಲ್ಲುತ್ತಿರಲಿಲ್ಲ. ಹಿಂದಿನಿಂದ ಹನುಮವ್ವ ಏನೋ ಕೂಗಿದಳು, ಗದ್ದಲದಲ್ಲಿ ಕೇಳಿಸಲಿಲ್ಲ. ಹಗೇವು ತೆಗೆಯುವ ದಿನಗಳಲ್ಲಿ ನಾನು ಯಾವಾಗಲೂ ಕೊಪ್ಪಳದಲ್ಲಿ ಓದುತ್ತಿದ್ದವನು, ನನಗೇನು ಗೊತ್ತು? ಧೈರ್ಯವಾಗಿ ಕಾಲು ಒಳಗೆ ಬಿಟ್ಟೆ.

"ಲೇ, ಇಳೀಬ್ಯಾಡ!"

ಅಪ್ಪ ಕಟ್ಟೆಯಿಂದ ಜಿಗಿದು ಬಂದು ನನ್ನ ಅಂಗಿಯ ಕೊರಳು ಹಿಡಿದು ಮೇಲೆಳೆದ. "ಒಳಗ ಕೆಟ್ಟ ಗಾಳಿ ಐತಿ! ಈಗ ಇಳಿದಾಂವ ಹೆಣಾ ಅಕ್ಕಾನ. ನಿಮ್ಮ ಪಕ್ಷದಾಗ ಹಗೇವು ಕಂಡಾಂವ ಒಬ್ಬನೂ ಇಲ್ಲೇನ್ರಿ?"

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ಕಂದೀಲು ತರಿಸಿ ಹಗ್ಗಕ್ಕೆ ಕಟ್ಟಿ ಒಳಗಿಳಿಸಿದ. ಕಾಳು ಮುಟ್ಟುವ ಮೊದಲೇ ದೀಪ ಆರಿತು. ಆಮೇಲೆ ಅಪ್ಪ ಕಂಬಳಿಯೊಂದನ್ನು ಇಳಿಬಿಟ್ಟು ಏರಿಸಿ ಇಳಿಸಿ ಗಾಳಿ ಆಡಿಸಿದ. ಬಿಸಿಲು ಬಲಿಯುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ. ಕಂದೀಲು ಕಾಳಿನ ತನಕ ಇಳಿದೂ ಉರಿಯುತ್ತಿದೆ ಎಂದು ಖಾತ್ರಿಯಾದ ಮೇಲೆ, ನನ್ನ ಸೊಂಟದ ಗಂಟು ಬಿಚ್ಚಿ ತಾನೇ ಕಟ್ಟಿ, "ಈಗ ಇಳಿ" ಎಂದ. ಹಗ್ಗವನ್ನು ಮತ್ತೊಬ್ಬರ ಕೈಗೆ ಕೊಡಲಿಲ್ಲ. ಸಂಜೆಯ ತನಕ ಕಾಳು ಮೇಲೆ ಬಂತು. ಮೊದಲ ಸೇರು ಹನುಮವ್ವನ ಉಡಿಗೆ ಬಿತ್ತು.

ಊಟಕ್ಕೆ ಕೂತಾಗ ಅಪ್ಪ ತಾಟಿನಿಂದ ತಲೆ ಎತ್ತದೆ ಕೇಳಿದ: "ಇನ್ನ ಯಾರ್ಯಾರ ಮನಿ ಉಳದಾವು?"

ಹೇಳಿದೆ.

"ನಾಳಿ ನಾನೂ ಬರ್ತೀನಿ. ಇಲ್ಲಾಂದ್ರ ಯಾರನ್ನರ ಕೊಂದ ಹಾಕ್ತೀರಿ ನೀವು."

ಬಂದ. ಪ್ರತಿಯೊಂದು ಅಂಗಳದಲ್ಲೂ ಮೊದಲು ಪಕ್ಷವನ್ನು ಬಾಯಿ ತುಂಬ ಬೈದು, ಆಮೇಲೆ ಹಗ್ಗ ಹಿಡಿದು ನಿಂತ. ಗೌಡನೇ ಬಂದು ನಿಂತ ಮೇಲೆ ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಈಗ ಹುಡುಗರು ಬಂದು, ನೀವು ಹಳೆಯ ಸದಸ್ಯರಲ್ಲವೆ, ನಿಮ್ಮನ್ನು ಪಕ್ಷಕ್ಕೆ ತಂದವರು ಯಾರು ಎಂದು ಕೇಳುತ್ತಾರೆ. ಕಾರ್ಯದರ್ಶಿಗಳ ಹೆಸರು ಹೇಳಿ, ಪಕ್ಷಕ್ಕಾಗಿ ಅಪ್ಪನನ್ನೇ ಬಿಡಲು ತಯಾರಾಗಿದ್ದೆ ಎಂದೂ ಸೇರಿಸುತ್ತೇನೆ. ಕೇಳಿದವರು ತಲೆದೂಗುತ್ತಾರೆ. ಆದರೆ ಮೊನ್ನೆ ಆ ಬಾಗಿಲಲ್ಲಿ ನಿಂತಾಗ ಅನಿಸಿತು: ಬಿಡಲು ತಯಾರಾಗಿದ್ದವನು ನಾನು, ನಿಜವಾಗಿ ಬಿಟ್ಟುಕೊಟ್ಟವನು ಅಪ್ಪ. ನನ್ನ ಜೀವ ಉಳಿಸಲು ಆತ ತನ್ನ ಹಟವನ್ನೂ ಜೋಳವನ್ನೂ ಊರ ಮುಂದೆ ಬಿಟ್ಟುಕೊಟ್ಟ. ಮುಂದಿನ ಸಲ ಕೇಳಿದವರಿಗೆ ಅವನ ಹೆಸರನ್ನೇ ಹೇಳುತ್ತೇನೆ. ಎಲ್ಲಿದ್ದರೂ ಕೇಳಿಸಿದರೆ ಬೈಯುತ್ತಾನೆ. ಬೈಯಲಿ.