ಅವ್ವನ ಚಿಟಿಕೆ

ಮೊದಲು ತುರಿಸಿದ್ದು ಮೇಲ್ದುಟಿ. ಇರುವೆ ಕಡಿದಿರಬೇಕು ಅಂದುಕೊಂಡು ಒರೆಸಿಕೊಂಡೆ. ಮಧ್ಯಾಹ್ನದ ಬುತ್ತಿ ಉಂಡು ಆಗಷ್ಟೇ ಕಾರ್ಖಾನೆಯ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದೆ. ಕೈಯೆಲ್ಲ ಜೀನ್ಸ್ ಬಟ್ಟೆಯ ನೀಲಿ ಬಣ್ಣ. ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ತುಟಿ ಊದಿ ನನ್ನ ಮುಖ ನನಗೇ ಗುರುತು ಸಿಗಲಿಲ್ಲ.

ನನ್ನ ಗಂಡ ಮಡಕಶಿರಾ ಕಡೆಯವರು. ಇಲ್ಲಿ ತೆಲುಗು ನಾಡಿನ ಗಡಿಯೂರು ರಾಯದುರ್ಗದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಜೇನು ಗೀನು ಕಡೀತೇನೇ ಮಾದೇವಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಅದು ನೆಂಟರ ಹಾಗೆ ಬಂದು ಹೋಗತೊಡಗಿತು. ಒಮ್ಮೆ ತುಟಿ, ಒಮ್ಮೆ ಮೈತುಂಬ ಕೆಂಪು ದದ್ದು, ಒಮ್ಮೆ ಹೊಟ್ಟೆ ಹಿಂಡಿದಂತಾಗಿ ವಾಂತಿ. ಪಿತ್ತ ಅಂದರು. ದೃಷ್ಟಿ ಅಂದರು. ಕೊನೆಗೆ ಎಲ್ಲರೂ ಸೇರಿ ಜೀನ್ಸಿನ ಬಣ್ಣದ ಮೇಲೆ ತಪ್ಪು ಹೊರಿಸಿದರು. ನಾನೂ ನಂಬಿದೆ. ಬೆರಳ ಸಂದಿಯೆಲ್ಲ ಒಡೆದು ಉರಿಯುತ್ತಿತ್ತಲ್ಲ, ಬೇರೆ ಸಾಕ್ಷಿ ಯಾಕೆ ಬೇಕು? ಮನಸ್ಸಿಲ್ಲದ ಮನಸ್ಸಿನಿಂದ ಕೆಲಸ ಬಿಟ್ಟೆ.

ಕೈ ವಾಸಿಯಾಯಿತು. ತುಟಿ ಊದುವುದು ನಿಲ್ಲಲಿಲ್ಲ.

ಚರ್ಮದ ಡಾಕ್ಟರು ತೆಲುಗಿನವರು, ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು. ಯಾವಾಗ ಬರುತ್ತೆ, ಯಾವಾಗ ಬರಲ್ಲ ಎಂದು ಕೇಳಿದರು.

"ಶನಿವಾರ ಬರಂಗಿಲ್ರಿ ಸಾರ್. ನೇಮಕಲ್ಲು ಆಂಜನೇಯಂದು ಒಪ್ಪತ್ತು ಇರ್ತೀನ್ರಿ. ಅವತ್ತು ಕೆಲಸಕ್ಕೋಗಿ ಬಣ್ಣ ಮುಟ್ಟಿದ್ರೂ ಏನೂ ಆಗ್ತಿರಲಿಲ್ರಿ. ಸ್ವಾಮಿ ದಯೆ."

"ಇಡೀ ದಿನ ಬರಲ್ವಾ?"

"ಸಂಜಿಕೆ ಉಂಡ ಮ್ಯಾಲೆ ಬರ್ತೈತ್ರಿ."

"ಹಗಲು ಏನು ತಿಂತೀರಿ?"

"ಬಾಳೆಹಣ್ಣು, ಹಾಲು."

"ಸಂಜೆ?"

"ಚಿತ್ರಾನ್ನ ರೀ. ಶೇಂಗಾ ಹಾಕಿ ಎಲ್ಲರೂ ಮಾಡ್ತಾರಲ್ರಿ, ಹಂಗ."

ಅವರು ಪೆನ್ನು ಕೆಳಗಿಟ್ಟರು. ಕೈ ಒಡೆದಿದ್ದು ಬಣ್ಣದಿಂದಲೇ ಇರಬಹುದು, ಮುಟ್ಟಿದ ಜಾಗದಲ್ಲಷ್ಟೇ ಇತ್ತಲ್ಲ ಎಂದರು. ಆದರೆ ತುಟಿ, ದದ್ದು, ವಾಂತಿ ಬೇರೆ ಕಥೆ, ಅದು ಊಟದ ಬೆನ್ನಿಗೇ ಬರುತ್ತಿದೆ. ಬ್ಲಡ್ ಟೆಸ್ಟಿಗೆ ಅನಂತಪುರಕ್ಕೆ ಕಳಿಸಿದರು. ರಿಪೋರ್ಟ್ ಬಂತು.

ಶೇಂಗಾ.

ನಾನು ನಂಬಲಿಲ್ಲ. ಹಲ್ಲು ಬಂದಾಗಿನಿಂದ ತಿಂದದ್ದು. ಬಳ್ಳಿ ಕಿತ್ತ ಹೊಲದಲ್ಲೇ ಕೂತು ಮಣ್ಣು ಉಜ್ಜಿಕೊಂಡು ಹಸಿಕಾಯಿ ತಿಂದವಳು ನಾನು. ನಮ್ಮ ಕಡೆ ಪಲ್ಯಕ್ಕೆ ಏನು ಹಾಕಿದೆ ಎಂದು ಹೆಂಗಸರನ್ನು ಕೇಳಿ ನೋಡಿ, ಬದನೆಕಾಯಿ, ಖಾರ, ಉಪ್ಪು ಅನ್ನುತ್ತಾರೆ. ಶೇಂಗಾ ಪುಡಿಯ ಹೆಸರೇ ಎತ್ತುವುದಿಲ್ಲ. ನೀರು ಹಾಕಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಅಂಥದ್ದು ಇದ್ದಕ್ಕಿದ್ದಂತೆ ತಿರುಗಿ ಬಿದ್ದರೆ ಸಿಟ್ಟು ಬರುವುದಿಲ್ಲವೇ? ನನಗಂತೂ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಒಂದು ದಿನ ಪಾತ್ರೆಗಳನ್ನೆಲ್ಲ ಕುಕ್ಕಿದೆ.

ಸುದ್ದಿ ತಿಳಿದು ಅವ್ವ ಬಂದಳು. ಗುಮ್ಮಘಟ್ಟದ ಹತ್ತಿರ ನಮ್ಮ ತವರು. ಕುರಿಗಳನ್ನು ನಮ್ಮಣ್ಣನಿಗೆ ಒಪ್ಪಿಸಿ, ಶೇರ್ ಆಟೋದಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಬಂದವಳೇ ಅಡುಗೆಮನೆ ಹೊಕ್ಕಳು. ಶೇಂಗಾ ಎಣ್ಣೆಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಳು. ಮಿಕ್ಸಿಯ ಜಾರನ್ನು ತಿಕ್ಕಿ ತಿಕ್ಕಿ ತೊಳೆದಳು. "ಯಾರ್ ಕೈದೂ ಉಣಬ್ಯಾಡ ತಾಯಿ, ನನ್ನ ಕೈದಷ್ಟ ಉಣ್ಣು" ಅಂದಳು. ಆ ಮಾತು ಕೇಳಿ ನನಗೆ ಎಷ್ಟು ನಿರಾಳವಾಯಿತೆಂದರೆ, ಮದುವೆಯಾದ ಮೇಲೆ ಹಾಗೆ ನಿಶ್ಚಿಂತೆಯಿಂದ ಉಂಡ ನೆನಪೇ ಇಲ್ಲ.

ಮೈ ಹಗುರವಾಯಿತು. ಕೈಗೆ ಗ್ಲೌಸ್ ಹಾಕಿಕೊಂಡು ಮತ್ತೆ ಕೆಲಸಕ್ಕೆ ಸೇರಿದೆ. ಬುತ್ತಿ ಅವ್ವನೇ ಕಟ್ಟುತ್ತಿದ್ದಳು.

ಸ್ವಲ್ಪ ದಿನ ಕಳೆದು ಮತ್ತೆ ತುರಿಕೆ.

ಮೊದಲಿನಷ್ಟು ಜೋರಲ್ಲ. ನಾಲಿಗೆ ಜುಮ್ಮೆನ್ನುವುದು, ಕುತ್ತಿಗೆಯ ಮೇಲೆ ಎರಡು ದದ್ದು. ನಾನು ಎಲ್ಲರನ್ನೂ ಅನುಮಾನಿಸಿದೆ. ಜೊತೆಗೆ ಹೊಲಿಯುವವರ ಪಕ್ಕ ಕೂತು ಉಣ್ಣುವುದು ಬಿಟ್ಟೆ. ಟೀ ಅಂಗಡಿಯವನ ಲೋಟ ಬಿಟ್ಟೆ. ಸೋಪು ಬದಲಿಸಿದೆ. ಗಂಡ ಡಿಪೋದಿಂದ ಬಂದರೆ ಬಾಗಿಲಲ್ಲೇ ತಡೆದು, ಕೈಬಾಯಿ ತೊಳೆದು ಒಳಗೆ ಬನ್ನಿ ಅನ್ನುತ್ತಿದ್ದೆ. "ಕಡ್ಲೇಕಾಯಿ ಮುಟ್ಟಿಲ್ಲ ಕಣೇ, ಆಣೆ ಮಾಡ್ಲಾ?" ಎಂದು ಆ ಮನುಷ್ಯ ಅಂಗಲಾಚಿದರೂ ನಂಬಲಿಲ್ಲ. ಅವ್ವ ಒಳಗೆ ರೊಟ್ಟಿ ತಟ್ಟುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಆವತ್ತು ಭಾನುವಾರ, ನಡು ಮಧ್ಯಾಹ್ನ. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಶೇಂಗಾ ಬದಲು ಎಳ್ಳು ಹಾಕಿದ್ದೀನಿ ಅಂದಿದ್ದಳು. ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ನಾಲಿಗೆ ದಪ್ಪವಾಯಿತು. ಗಂಟಲಿಗೆ ಯಾರೋ ಹಗ್ಗ ಹಾಕಿ ಬಿಗಿದಂತಾಯಿತು. ನೀರು ಕುಡಿಯಲು ಹೋದರೆ ಒಳಗಿಳಿಯಲಿಲ್ಲ. ಉಸಿರು ಎಳೆದುಕೊಂಡರೆ ಸಿಳ್ಳೆ ಹೊಡೆದಂಥ ಸದ್ದು. ಗಂಡ ಆಟೋ ಕೂಗಿದ್ದು ಕೇಳಿಸಿತು. ಆಮೇಲೆ ಆಸ್ಪತ್ರೆಯ ಬಿಳಿ ಗೋಡೆ, ತೊಡೆಗೊಂದು ಇಂಜೆಕ್ಷನ್, ಮೂಗಿಗೆ ಆಕ್ಸಿಜನ್ ಮಾಸ್ಕ್. ಇನ್ನು ನಾನಿಲ್ಲ ಎಂದುಕೊಂಡೆ.

ಡ್ಯೂಟಿ ಡಾಕ್ಟರು ತೆಲುಗಿನಲ್ಲಿ ಅವ್ವನನ್ನು ಕೇಳಿದರು, ಏನು ತಿಂದಳು ಎಂದು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸಂತೆಯಲ್ಲಿ ಬಿಟ್ಟರೆ ತೆಲುಗು ಆಡದವಳು, ನನಗೆ ತಿಳಿಯಬಾರದು ಅನ್ನುವಂತೆ ತೆಲುಗಿನಲ್ಲೇ ಹೇಳಿದಳು.

"ನೇನೇ ಏಸಿನಾ ಸಾರ್."

ನಾನೇ ಹಾಕಿದೆ ಸಾರ್.

ಈ ಊರಲ್ಲಿ ತೆಲುಗು ಬಾರದವರು ಯಾರಿದ್ದಾರೆ?

ಮಾಸ್ಕ್ ಹಾಕಿಕೊಂಡು ಮಲಗಿದ್ದಲ್ಲೇ ಎಲ್ಲ ಕೇಳಿಸಿಕೊಂಡೆ. ದಿನಕ್ಕೊಂದು ಚಿಟಿಕೆ ಶೇಂಗಾ ಪುಡಿ ಹಾಕುತ್ತಿದ್ದಳಂತೆ. ಸಾರಿನಲ್ಲಿ, ಪಲ್ಯದಲ್ಲಿ. ಮಗಳು ತಡೆದುಕೊಳ್ಳುತ್ತಿದ್ದಾಳೆ ಅಂದುಕೊಂಡು ಆವತ್ತು ಒಂದು ಚಮಚ ಹಾಕಿದಳಂತೆ.

ಗಂಟಲು ಬಿಟ್ಟ ಮೇಲೆ ನಾನು ಕೇಳಿದ್ದು ಒಂದೇ ಮಾತು. "ಯಾಕವ್ವಾ?"

"ಕುರಿ ಹೊಸ ಜಾಗಕ್ಕೋದ್ರ ಹೊಸ ಸೊಪ್ಪು ಒಮ್ಮೇಕ ಹಾಕಂಗಿಲ್ಲ. ಒಂದೊಂದ ಹಿಡಿ ಹಾಕಿ ರೂಢಿ ಮಾಡಿಸ್ತೀವಿ. ಹಂಗ ನಿಂಗೂ ರೂಢಿ ಆಗ್ಲಿ ಅಂತ... ಶೇಂಗಾ ಇಲ್ದ ಈ ಸೀಮ್ಯಾಗ ಹೆಂಗ ಬದುಕ್ತೀಯವ್ವಾ? ಯಾರ್ ಮನೀಗೋಗಿ ಉಣ್ತೀ? ನಾ ಸತ್ತ ಮ್ಯಾಲೆ ಯಾರ್ ಮಾಡಿ ಹಾಕ್ತಾರ?"

ಚರ್ಮದ ಡಾಕ್ಟರು ಕೇಳಿ ತಲೆ ಚಚ್ಚಿಕೊಳ್ಳಲಿಲ್ಲ. ಹಾಗೆ ರೂಢಿ ಮಾಡಿಸುವ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿ ಇದೆ, ಆದರೆ ಅದನ್ನು ಡಾಕ್ಟರು ಎದುರಿಗೆ ಕೂತು ಮಾಡಬೇಕು, ಒಲೆಯ ಮುಂದೆ ಅಲ್ಲ ಎಂದರು. ಗಂಟಲು ಬಿಗಿದರೆ ಮಾತ್ರೆ ನುಂಗಿ ಕಾಯಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ ಎಂದು ನನಗೆ ಎರಡೆರಡು ಸಲ ಹೇಳಿದರು.

ಅವ್ವನನ್ನು ಊರಿಗೆ ಕಳಿಸಿದೆ. ಅವಳು ಆಟೋ ಹತ್ತುವಾಗ ನಾನು ಬಾಗಿಲಿಗೂ ಬರಲಿಲ್ಲ. ಫೋನ್ ಬಂದರೆ ಎತ್ತಲಿಲ್ಲ. "ನಿಮ್ಮಮ್ಮ ವಿಷ ಹಾಕಿಲ್ಲ ಕಣೇ, ಕಡ್ಲೇಕಾಯಿ ಹಾಕಿದ್ರು" ಅಂದರು ಗಂಡ.

"ನಂಗ ಎರಡೂ ಒಂದ" ಅಂದೆ.

ಅವಳ ಪ್ರೀತಿ ಸುಳ್ಳಾಗಿದ್ದರೆ ಸುಲಭವಿತ್ತು. ಬೈದು ಬಿಟ್ಟುಬಿಡಬಹುದಿತ್ತು. ಆದರೆ ನಾನು ತುರಿಸಿಕೊಳ್ಳುವುದನ್ನು ನೋಡುತ್ತ, ಗಂಡನ ಮೇಲೆ ಹರಿಹಾಯುವುದನ್ನು ಕೇಳುತ್ತ, ಮರುದಿನ ಮತ್ತೆ ಚಿಟಿಕೆ ಹಾಕಿದ್ದಾಳಲ್ಲ, ಅದನ್ನು ನುಂಗಲು ನನ್ನಿಂದ ಇನ್ನೂ ಆಗಿಲ್ಲ. ಬೇರೆಯವರ ಮನೆಯ ಊಟಕ್ಕೆ ಹೆದರುವುದನ್ನು ಡಾಕ್ಟರು ಕಲಿಸಿದರು. ನನ್ನ ಮನೆಯ ತಟ್ಟೆಗೆ ಹೆದರುವುದನ್ನು ಕಲಿಸಿದವಳು ಅವ್ವ.

ಬದುಕಿದ್ದೇನೆ. ಆ ಇಂಜೆಕ್ಷನ್ನಿಗೆ, ಆಟೋ ಓಡಿಸಿದವನಿಗೆ ಕೈಮುಗಿಯುತ್ತೇನೆ. ಕೊನೆಗಾದರೂ ನಿಜ ಹೇಳಿದ ಅವ್ವನಿಗೂ ಎನ್ನಬೇಕು, ಆ ಮಾತು ಬಾಯಿಗೆ ಬರುತ್ತಿಲ್ಲ.

ಹೋದ ವಾರ ಅವಳು ಹೇಳದೆ ಕೇಳದೆ ಬಂದಳು. ನನಗೆ ಜ್ವರ ಎಂದು ಗಂಡ ಫೋನ್ ಮಾಡಿದ್ದರು. ಬರಿಗೈಯಲ್ಲಿ ಬಂದಿದ್ದಳು, ಚೀಲವನ್ನೂ ತಂದಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಗಂಜಿ ಕಾಯಿಸ್ಲೇನವ್ವಾ?" ಎಂದು ಕೇಳಿದಳು. ನಮ್ಮವ್ವ ಒಲೆ ಹಚ್ಚಲು ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ.

ನಾನು ಎದ್ದು ಗೋಡೆಗೆ ಒರಗಿ ಅವಳ ಪಕ್ಕದಲ್ಲೇ ನಿಂತೆ. ಅಕ್ಕಿ ತೊಳೆದದ್ದು, ನೀರಿಟ್ಟದ್ದು, ಉಪ್ಪು ಹಾಕಿದ್ದು ಎಲ್ಲವನ್ನೂ ನೋಡಿದೆ. ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಾಯಿತು. ಕುಪ್ಪಸದ ತೋಳನ್ನು ಮೇಲಕ್ಕೇರಿಸಿ, ಎರಡೂ ಅಂಗೈಗಳನ್ನು ನನ್ನ ಕಡೆ ಬಿಡಿಸಿ ತೋರಿಸಿದಳು.

"ನೋಡ್ಕೋ ತಾಯಿ," ಅಂದಳು. "ದಿನಾ ಹಿಂಗ ನೋಡ್ಕೋ."

ನಾನು ಬೇಡ ಅನ್ನಲಿಲ್ಲ. ಗಂಜಿ ಇಳಿಸುವ ತನಕ ನೋಡಿದೆ. ಆಮೇಲೆ ಉಂಡೆ.