ಓಟಗಾರರ ಮುಂದೆ ಹೊರಡುವ ಗಾಡಿ

ಶನಿವಾರ ಬೆಳಕು ಹರಿಯುವ ಮುನ್ನ ದೆಬ್ರೆ ಬಿರ್ಹಾನ್ ಊರಿನ ಅಂಕೋಬರ್ ದಾರಿಯಲ್ಲಿ ಮೊದಲು ಕೇಳಿಸುವುದು ಕುದುರೆ ಗೊರಸಿನ ಸದ್ದು. ಲಗಾಮು ಹಿಡಿದವರು ಮುದುಕ ಶಿಫೆರಾವ್. ಊರಿಗೆಲ್ಲ ಹಿರಿಯರಾದ್ದರಿಂದ ಎಲ್ಲರ ಬಾಯಲ್ಲೂ ಅವರು ‘ಗಾಶೆ’. ಅವರ ಬೆನ್ನ ಹಿಂದೆ ಗಾಬಿ ಎಂಬ ದಪ್ಪ ಹತ್ತಿಯ ಹೊದಿಕೆ ಹೊದ್ದು, ಎರಡೂ ಕಾಲಿನ ನಡುವೆ ಒಂದು ದೊಡ್ಡ ಬುಟ್ಟಿಯನ್ನು ಅವುಚಿಕೊಂಡು ಕೂತವರು ಶೆವಾಯೆ. ಬುಟ್ಟಿಯ ತುಂಬ ಬಾಟಲಿಗಳು. ಒಂದೊಂದರ ಕತ್ತಿಗೂ ಒಂದೊಂದು ಬಣ್ಣದ ಉಣ್ಣೆ ದಾರ. ಒಳಗಿರುವುದು ಬೆಸ್ಸೊ: ಹುರಿದು ಬೀಸಿದ ಜವೆಗೋಧಿಯ ಹಿಟ್ಟನ್ನು ನೀರಿನಲ್ಲಿ ಕದಡಿ, ಒಂದಿಷ್ಟು ಸಕ್ಕರೆ, ಚಿಟಿಕೆ ಉಪ್ಪು ಹಾಕಿದ್ದು.

ಚಕ್ರ ಗುಂಡಿಗೆ ಇಳಿದಾಗಲೆಲ್ಲ ಗಾಶೆ ಕುದುರೆಯನ್ನು ಬೈಯುತ್ತಾರೆ. ಶೆವಾಯೆಗೆ ಗುಂಡಿಗಳ ಮೇಲೆ ಸಿಟ್ಟಿಲ್ಲ. “ಕುಲುಕ್ಲಿ ಬಿಡಿ ಗಾಶೆ. ಎಷ್ಟು ಕುಲುಕಿದ್ರೆ ಅಷ್ಟು ಒಳ್ಳೇದು, ತಳದಲ್ಲಿ ಗಂಟು ಕೂರಲ್ಲ” ಎನ್ನುತ್ತಾರೆ.

ನೀಲಗಿರಿ ಮರಗಳ ಗುಂಪು ದಾಟಿ ಸಣ್ಣದೊಂದು ಸೇತುವೆಯ ಬಳಿ ಗಾಡಿ ನಿಲ್ಲುತ್ತದೆ. ಶೆವಾಯೆ ಬಾಟಲಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಯಾರು ಮುಂದೆ ಬರುತ್ತಾರೋ ಅವರ ಬಣ್ಣ ಮೊದಲು. ಅಷ್ಟರಲ್ಲಿ ಮಂಜಿನೊಳಗಿಂದ ಉಸಿರಾಟದ ಸದ್ದು, ಆಮೇಲೆ ಬೂಟುಗಳ ಸದ್ದು, ಆಮೇಲೆ ಹುಡುಗರು. ಶೆವಾಯೆ ಕೈ ಚಾಚಿ ನಿಲ್ಲುವುದಿಲ್ಲ. ಪ್ರತಿಯೊಬ್ಬರ ಜೊತೆಗೂ ನಾಲ್ಕು ಹೆಜ್ಜೆ ಓಡಿ, ಬಾಟಲಿಯನ್ನು ಅಂಗೈಗೆ ಇಟ್ಟು, ಹಿಂದೆ ಸರಿಯುತ್ತಾರೆ. “ನಿಂತ್ಕೊಂಡು ಕೊಟ್ರೆ ಬಾಟಲಿ ಅವ್ರ ಕೈಗೆ ಕಲ್ಲಿನ ಥರ ಬಡಿಯತ್ತೆ. ಅವ್ರು ಓಡ್ತಿರೋವಾಗ ನಾನೂ ಸ್ವಲ್ಪ ಓಡ್ಬೇಕು” ಎಂದು ವಿವರಿಸುವ ಅವರ ವಯಸ್ಸು ಐವತ್ತಕ್ಕೆ ಹತ್ತಿರ. ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ.

ಬೆರೆಸ್ಸಾ ಹೊಳೆಯ ಹೆಸರಿಟ್ಟುಕೊಂಡ ಈ ಓಟಗಾರರ ಸಂಘಕ್ಕೆ ಒಂದು ಬಾಡಿಗೆ ವ್ಯಾನು ಇದೆ. ಬೇರೆ ಸಂಘಗಳಲ್ಲಿ ಉದ್ದದ ಓಟದ ದಿನ ವ್ಯಾನು ಪಕ್ಕದಲ್ಲೇ ಬರುತ್ತದೆ, ಕಿಟಕಿಯಿಂದ ಬಾಟಲಿ ಕೊಡುತ್ತಾರೆ. ಇಲ್ಲಿ ಮಾತ್ರ ಕುದುರೆಗಾಡಿ, ಅದೂ ಸಂತೆಯ ದಿನ, ರಸ್ತೆಯ ತುಂಬ ಕತ್ತೆಗಳು ಬರುವ ಹೊತ್ತಿಗೆ. ಹೊಸಬರಿಗೆ ಇದು ಹುಚ್ಚಾಟದಂತೆ ಕಾಣುತ್ತದೆ. ಕೇಳಿದರೆ ಊರಿನವರು ನಗುತ್ತ, “ಶೆವಾಯೆಯನ್ನೇ ಕೇಳಿ” ಎಂದು ಕೈ ತೋರಿಸುತ್ತಾರೆ.

ಶೆವಾಯೆ ಎಂದೂ ಓಟಗಾರ್ತಿಯಾಗಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ಕಂಬಳಿ ಕಾರ್ಖಾನೆ ಸೇರಿ ಉಣ್ಣೆ ತೊಳೆಯುತ್ತಿದ್ದವರು. ಹೊಸ ಯಂತ್ರಗಳು ಬಂದಾಗ ತೊಳೆಯುವವರಿಗೆ ಕೆಲಸವಿಲ್ಲವಾಯಿತು. ಮನೆಯಲ್ಲಿ ಜವೆಗೋಧಿ ಹುರಿದು ಮಾರತೊಡಗಿದರು. ಗೋಡೆಯ ಆಚೆಯ ಎರಡು ಕೋಣೆಗಳನ್ನು ಸಂಘ ಬಾಡಿಗೆಗೆ ಹಿಡಿದದ್ದು ಆಮೇಲೆ. ಓಟ ಮುಗಿಸಿ ಬಂದ ಹುಡುಗರಿಗೆ ಹಂಚಿನ ಮೇಲೆ ಹುರಿಯುವ ವಾಸನೆ ತಡೆಯಲಾಗುತ್ತಿರಲಿಲ್ಲ. ಮೊದಲು ಒಬ್ಬ ಬಂದ, ಬಳಿಕ ನಾಲ್ವರು, ಕೊನೆಗೆ ಕೋಚ್ ನೆಗೆವೊ ಅವರೇ ಬಂದು, ಬಾಟಲಿ ತುಂಬುವ ಕೆಲಸ ನೀವೇ ನೋಡಿಕೊಳ್ಳಿ ಎಂದರು. ಅಲ್ಲಿಯವರೆಗೆ ಬಾಟಲಿಗಳಲ್ಲಿ ಇರುತ್ತಿದ್ದದ್ದು ಬರೀ ನಲ್ಲಿನೀರು.

ಆರಂಭ ಚೆನ್ನಾಗೇನೂ ಆಗಲಿಲ್ಲ. ಹೊಟ್ಟೆ ತುಂಬಲಿ ಎಂಬ ಪ್ರೀತಿಯಿಂದ ಶೆವಾಯೆ ಬೆಸ್ಸೊವನ್ನು ಮನೆಯಲ್ಲಿ ಕಲಸುವಷ್ಟೇ ಗಟ್ಟಿಯಾಗಿ ಕಲಸಿದರು. ಹುಡುಗರು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರು. “ಎತಿಯೆ, ಇದು ಬೆಸ್ಸೊನೋ, ಗೋಡೆಗೆ ಮೆತ್ತೋ ಮಣ್ಣೋ?” ಎಂದು ಒಬ್ಬ ಕೇಳಿದ್ದನ್ನು ಅವರು ಇಂದಿಗೂ ನಗುತ್ತ ಹೇಳುತ್ತಾರೆ. ಎತಿಯೆ ಎಂದರೆ ಅಕ್ಕನೂ ಹೌದು, ಅತ್ತೆಯೂ ಹೌದು. ಸಂಘದಲ್ಲಿ ಅವರಿಗೆ ಬೇರೆ ಹೆಸರಿಲ್ಲ. ವಾರ ವಾರ ನೀರು ಹೆಚ್ಚಿಸಿ, ಹಿಟ್ಟು ಎರಡು ಸಲ ಜರಡಿ ಹಿಡಿದು, ಹುಡುಗರ ಮುಖ ನೋಡಿ ನೋಡಿ ಹದ ಕಂಡುಕೊಂಡರು. ಹಂಚಿನ ಹೊಗೆಗೆ ಕಣ್ಣು ಕೆಂಪಾಗಿಯೇ ಇರುತ್ತದೆ. ಬೀಸಿ ಬೀಸಿ ಬಲ ಭುಜ ಮೇಲಕ್ಕೆ ಏಳುವುದು ಕಷ್ಟ. ಅದಕ್ಕೇ ಬಾಟಲಿ ಕೊಡುವುದು ಎಡಗೈಯಲ್ಲಿ.

ಬಾಟಲಿ ವಾಪಸು ಬಂದಾಗ ಅದನ್ನು ಕೈಯಲ್ಲಿ ತೂಗಿ ನೋಡುವುದು ಅವರ ಅಭ್ಯಾಸ. ಎರಡು ವರ್ಷದ ಹಿಂದಿನ ದೊಡ್ಡ ಉಪವಾಸದ ಕಾಲದಲ್ಲಿ ಕೆಂಪು ದಾರದ ಬಾಟಲಿ ಹೋದಷ್ಟೇ ಭಾರವಾಗಿ ವಾಪಸು ಬರತೊಡಗಿತು. ಅದು ಜಿನಾಷಳದು. ತರ್ಮಬೇರ್ ಕಡೆಯ ಹಳ್ಳಿಯಿಂದ ಬಂದ ಹತ್ತೊಂಬತ್ತರ ಹುಡುಗಿ. ಮಾತು ಕಡಿಮೆ, ಹಟ ಜಾಸ್ತಿ.

ಫಾಸಿಕಾ, ಅಂದರೆ ಈಸ್ಟರ್, ಹಬ್ಬಕ್ಕೆ ಮೊದಲಿನ ಆ ಐವತ್ತೈದು ದಿನ ಹಾಲು, ತುಪ್ಪ, ಮೊಟ್ಟೆ, ಮಾಂಸ ಯಾರ ಮನೆಯಲ್ಲೂ ಇಲ್ಲ. ಅದು ಓಟಕ್ಕೆ ಅಡ್ಡಿಯಲ್ಲ. ಅಡ್ಡಿಯಾಗುವುದು ಬಾಯಿ ಕಟ್ಟುವುದು: ಮಧ್ಯಾಹ್ನ ಇಳಿಯುವವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ. ಸಂಘದ ಹೆಚ್ಚಿನವರು ತಮ್ಮ ತಮ್ಮ ಪಾದ್ರಿಗಳನ್ನು ಕೇಳಿ ಉದ್ದದ ಓಟದ ದಿನಕ್ಕೆ ವಿನಾಯಿತಿ ಪಡೆದಿದ್ದರು. ಜಿನಾಷ್ ಪಡೆಯಲಿಲ್ಲ. ಅವಳ ತಾಯಿ ಕೊನೆಯ ಹೆರಿಗೆಯಲ್ಲಿ ಸಾಯುವ ಸ್ಥಿತಿಗೆ ಹೋಗಿ ಬದುಕಿದ್ದಳು. ಆಗ ಈ ಹುಡುಗಿ ದೇವಮಾತೆ ಮರ್ಯಾಮಮ್ಮನಿಗೆ ಹರಕೆ ಹೊತ್ತಿದ್ದಳು, ಮೂರು ವರ್ಷ ಉಪವಾಸದಲ್ಲಿ ಒಂದು ಹನಿಯಷ್ಟೂ ತಪ್ಪುವುದಿಲ್ಲ ಎಂದು. ಅದು ಎರಡನೆಯ ವರ್ಷ. ಆಗ ಉದ್ದದ ಓಟ ಶುಕ್ರವಾರ, ಬಾಟಲಿ ಕೊಡುತ್ತಿದ್ದದ್ದು ವ್ಯಾನಿನಿಂದಲೇ. ಅವಳು ಬಾಟಲಿ ತೆಗೆದುಕೊಂಡು, ತುಟಿಗೆ ತಾಗಿಸಿದಂತೆ ಮಾಡಿ, ಕಿಟಕಿಗೆ ವಾಪಸು ಕೊಡುತ್ತಿದ್ದಳು.

ಮೂರನೆಯ ಶುಕ್ರವಾರ ಮೂವತ್ತು ಕಿಲೋಮೀಟರಿನ ಕೊನೆಯಲ್ಲಿ ಜಿನಾಷ್ ರಸ್ತೆಯ ಮೇಲೆ ಬಿದ್ದಳು. ಗಲ್ಲ ಸೀಳಿತು. ವ್ಯಾನಿನಲ್ಲಿ ಶೆವಾಯೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ, ಮುಂದಿನ ಸೀಟಿನಿಂದ ಕೋಚ್ ತಿರುಗಿ ನೋಡದೆ ಹೇಳಿದರು: “ಕುಡೀದೇ ಇರೋರು ನನ್ನ ಓಟಕ್ಕೆ ಬೇಡ. ಮುಂದಿನ ಶುಕ್ರವಾರ ಕುಡೀತೀಯೋ, ಊರಿಗೆ ಹೋಗ್ತೀಯೋ, ನೀನೇ ನೋಡ್ಕೋ.”

ಕೋಚ್ ಕಟುಕರೇನಲ್ಲ. ಹಿಂದೊಮ್ಮೆ ಹೀಗೇ ಬಿದ್ದ ಹುಡುಗನೊಬ್ಬ ಎರಡು ದಿನ ಕಣ್ಣು ಬಿಡದೆ ಇದ್ದದ್ದನ್ನು ಕಂಡವರು. ಜಿನಾಷ್ ಕೋಣೆಗೆ ಹೋಗಿ ಕಂಬಳಿ ಸುತ್ತಿ ಕಟ್ಟತೊಡಗಿದಳು. ಗೋಡೆಯ ಈಚೆ ಶೆವಾಯೆಗೆ ಹಂಚಿನ ಮುಂದೆ ಕೂರಲಾಗಲಿಲ್ಲ. ಹುಡುಗಿಯ ಕಂಬಳಿ ಕಟ್ಟು ಬಿಚ್ಚಿಸಿ, ಎರಡು ದಿನ ತಾಳು ಎಂದು ಹೇಳಿ, ಗುಡ್ಡದ ಮೇಲಿನ ಇಗರ್ಜಿಗೆ ನಡೆದರು.

ಅಬ್ಬಾ ತೆಕ್ಲು ಹುಡುಗಿಯ ಪಾದ್ರಿ; ಪಾದ್ರಿಗಳನ್ನು ಇಲ್ಲಿ ಅಬ್ಬಾ ಎಂದೇ ಕರೆಯುವುದು. ಶೆವಾಯೆ ಅವರ ಕೈಯ ಶಿಲುಬೆಗೆ ಮುತ್ತಿಟ್ಟು, ಶುಕ್ರವಾರ ಒಂದು ದಿನ ಆ ಮಗುವನ್ನು ಬಿಡಿಸಿಕೊಡಿ ಎಂದು ಕೇಳಿಕೊಂಡರು. “ಬರೀ ಉಪವಾಸ ಆಗಿದ್ರೆ ಬಿಡಿಸ್ತಿದ್ದೆ. ಇದು ಅವ್ಳು ಮರ್ಯಾಮಮ್ಮಂಗೆ ಕೊಟ್ಟ ಮಾತು. ಅವ್ರಿಬ್ರ ಮಧ್ಯೆ ನಾನ್ಯಾರಮ್ಮಾ?” ಎಂದರು ಅಬ್ಬಾ. ಶೆವಾಯೆ ಎದ್ದು ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಕೂಗಿ ಕೇಳಿದರು: “ಅಲ್ಲಮ್ಮಾ, ಶುಕ್ರವಾರಾನೇ ಯಾಕೆ ಓಡ್ಬೇಕು? ಶನಿವಾರ ಬೆಳಿಗ್ಗೆ ನಾನೇ ತಿಂಡಿ ತಿಂತೀನಲ್ಲ.”

ಶನಿವಾರ, ಭಾನುವಾರ ಬೆಳಿಗ್ಗೆ ಬಾಯಿ ಕಟ್ಟಬೇಕಿಲ್ಲ ಎಂಬುದು ಊರಿನ ಮಕ್ಕಳಿಗೂ ಗೊತ್ತು. ಶೆವಾಯೆಗೂ ಗೊತ್ತಿತ್ತು, ಕೋಚ್‌ಗೂ ಗೊತ್ತಿತ್ತು, ಜಿನಾಷಳಿಗೂ ಗೊತ್ತಿತ್ತು. ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಶೆವಾಯೆ ಗುಡ್ಡವನ್ನು ಇಳಿದದ್ದಲ್ಲ, ಹೆಚ್ಚೂಕಡಿಮೆ ಉರುಳಿದ್ದು. ಶುಕ್ರವಾರವೇ ಯಾಕೆ ಎಂದು ಕೇಳಿದಾಗ ಕೋಚ್ ತಲೆ ಕೆರೆದುಕೊಂಡರು. ತಮ್ಮ ಕೋಚ್ ಶುಕ್ರವಾರ ಓಡಿಸುತ್ತಿದ್ದರು, ಅದಕ್ಕೇ ತಾವೂ ಓಡಿಸುತ್ತಿರುವುದು ಎಂದರು. ಆದರೆ ಶನಿವಾರ ವ್ಯಾನು ಸಂತೆಯ ಜನರನ್ನು ಹೊರುತ್ತದೆ, ಮಾಲೀಕ ಕೊಡುವುದಿಲ್ಲ. ಬಾಟಲಿ ಹೊರುವವರು ಯಾರು?

“ಅದು ನಂಗೆ ಬಿಡಿ” ಎಂದುಬಿಟ್ಟರು ಶೆವಾಯೆ. “ಹೇಳ್ಬಿಟ್ಟೆ. ಹೇಗೆ ಅಂತ ನಂಗೇ ಗೊತ್ತಿರ್ಲಿಲ್ಲ” ಎಂದು ಈಗ ಒಪ್ಪಿಕೊಳ್ಳುತ್ತಾರೆ. ಗಾಡಿಗಳು ನಿಲ್ಲುವ ಜಾಗದಲ್ಲಿ ಕೇಳಿದಾಗ ಎಲ್ಲರೂ ನಕ್ಕರು. ಸಂತೆಯ ದಿನ ಕುದುರೆಗಾಡಿಗೆ ಬಿಡುವೆಲ್ಲಿ? ಕೊನೆಗೆ ಸಿಕ್ಕವರು ಗಾಶೆ ಶಿಫೆರಾವ್. ಅವರ ಕುದುರೆ ದಾಮಾಗೆ ವಯಸ್ಸಾಗಿತ್ತು. ಮೂಟೆ ಎಳೆಯಲಾರದ ಅದನ್ನು ಸಂತೆಗೆ ಯಾರೂ ಕರೆಯುತ್ತಿರಲಿಲ್ಲ. ಓಡುವ ಹುಡುಗರ ಜೊತೆ ದಾಮಾ ಓಡಲಾರದು ನಿಜ. ಆದರೆ ಮೊದಲೇ ಹೊರಟು ಸೇತುವೆಯ ಹತ್ತಿರ ಕಾಯಬಹುದು. ಹೋಗುವಾಗೊಮ್ಮೆ, ಬರುವಾಗೊಮ್ಮೆ ಬಾಟಲಿ ಕೊಡಬಹುದು.

ಮೊದಲ ಶನಿವಾರ ಎಲ್ಲ ಕೆಟ್ಟಿತು. ಸೇತುವೆ ಇನ್ನೂ ಅರ್ಧ ಮೈಲಿ ಇರುವಾಗ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ದಾಮಾ ಬೆದರಿ ಪಕ್ಕಕ್ಕೆ ಎಗರಿತು. ಒಂದು ಚಕ್ರ ಚರಂಡಿಗೆ ಇಳಿದು ಗಾಡಿ ವಾಲಿತು. ಬುಟ್ಟಿ ಮಗುಚಿ ಬಾಟಲಿಗಳು ಇಳಿಜಾರಿನಲ್ಲಿ ಉರುಳುತ್ತ ಮೊಳಕೆಯೊಡೆದ ಜವೆಗೋಧಿ ಹೊಲಕ್ಕೆ ಬಿದ್ದವು. ಗಾಶೆ ಕುದುರೆಯ ಕುತ್ತಿಗೆಗೆ ಜೋತುಬಿದ್ದಿದ್ದರು. ಶೆವಾಯೆಯ ಮೊಣಕಾಲಿನಲ್ಲಿ ರಕ್ತ. ತಿರುವಿನಲ್ಲಿ ಆಗಲೇ ಓಟಗಾರರು ಕಾಣಿಸುತ್ತಿದ್ದರು.

ಎದುರಿನಿಂದ ಸಂತೆಗೆ ಹೊರಟ ಹೆಂಗಸರ ಗುಂಪೊಂದು ಕತ್ತೆಗಳನ್ನು ಅಟ್ಟಿಕೊಂಡು ಬರುತ್ತಿತ್ತು. ಹೊಲದಲ್ಲಿ ಉರುಳುತ್ತಿದ್ದ ಬಾಟಲಿಗಳನ್ನು ನೋಡಿ ಮುಂದಿದ್ದವಳು, ಯಾರ ಮದುವೆಯ ಹೆಂಡ ಚೆಲ್ಲಿತು ಎಂದು ಕೇಳಿದಳು. ಶೆವಾಯೆಗೆ ವಿವರಿಸಲು ಪುರುಸೊತ್ತಿರಲಿಲ್ಲ. “ಆ ಮಕ್ಕಳಿಗೆ ಕೊಡ್ಬೇಕು ಅಕ್ಕ. ಕೈ ಚಾಚಿ ಹಿಡ್ಕೊಳ್ಳಿ ಸಾಕು, ಅವ್ರೇ ತಗೊಳ್ತಾರೆ” ಎಂದಷ್ಟೇ ಹೇಳಿದರು. ಹೆಂಗಸರು ಕತ್ತೆಗಳನ್ನು ಬಿಟ್ಟು ಹೊಲಕ್ಕಿಳಿದರು. ಬಾಟಲಿಗಳ ಮಣ್ಣನ್ನು ಸೆರಗಿನಲ್ಲಿ ಒರೆಸಿ, ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತರು. ಯಾವ ಬಣ್ಣ ಯಾರದು ಎಂಬ ಲೆಕ್ಕ ಯಾರಿಗಿತ್ತು? ಹಸಿರಿನವನಿಗೆ ಹಳದಿ, ಹಳದಿಯವನಿಗೆ ನೀಲಿ. ಕತ್ತೆಗಳು ರಸ್ತೆಯ ನಡುವೆ ನಿಂತು ನೋಡುತ್ತಿದ್ದವು. ಹುಡುಗರು ಅವುಗಳ ನಡುವೆ ನುಸುಳಿಕೊಂಡು ಹೋದರು.

ಕೊನೆಯ ಗುಂಪಿನಲ್ಲಿ ಜಿನಾಷ್. ಗಲ್ಲಕ್ಕೆ ಇನ್ನೂ ಪಟ್ಟಿ ಇತ್ತು. ಸಾಲಿನ ತುದಿಯಲ್ಲಿದ್ದ ಮುದುಕಿಯೊಬ್ಬಳು ಅವಳಿಗೆ ಬಾಟಲಿ ಕೊಟ್ಟಳು, ಆದರೆ ಬಿಡಲಿಲ್ಲ. ಜಿನಾಷ್ ಎಳೆದಳು. ಮುದುಕಿ ಇನ್ನೊಂದು ಕೈಯಿಂದ ಅವಳ ಮಣಿಕಟ್ಟು ಹಿಡಿದಳು. “ಕುಡ್ದು ಹೋಗು ಮಗಳೇ. ನಿನ್ನನ್ನ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ.”

ಜಿನಾಷ್ ನಿಂತಳು. ತಲೆಯೆತ್ತಿ, ಒಂದೇ ಸಮನೆ, ಬಾಟಲಿ ಬರಿದಾಗುವವರೆಗೆ ಕುಡಿದಳು. ಬೈಕಿನಲ್ಲಿ ಹಿಂದೆ ಬರುತ್ತಿದ್ದ ಕೋಚ್ ನೆಗೆವೊ ಇಂಜಿನ್ ಆರಿಸಿದರು. ಹುಡುಗಿಯನ್ನು, ಕತ್ತೆಗಳನ್ನು, ಚರಂಡಿಯಲ್ಲಿದ್ದ ಚಕ್ರವನ್ನು ನೋಡಿದರು. ಆಮೇಲೆ ಬಂದು ಗಾಡಿಗೆ ಹೆಗಲು ಕೊಟ್ಟರು. ಆ ದಿನ ಜಿನಾಷ್ ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಬೀಳದೆ ಬಂದಳು.

ಹರಕೆ ಮುರಿಯಲಿಲ್ಲ. ಫಾಸಿಕಾ ಕಳೆದ ಮೇಲೆ ವಲಯದ ಸ್ಪರ್ಧೆಯಲ್ಲಿ ಅವಳು ನಾಲ್ಕನೆಯವಳಾದಳು. ಮೂರನೆಯ ವರ್ಷದ ಉಪವಾಸವೂ ಮುಗಿದಿದೆ. ಈಗ ಹೆಣ್ಣುಮಕ್ಕಳ ಗುಂಪನ್ನು ಎಳೆಯುವವಳು ಅವಳೇ. ಉಪವಾಸವಿರಲಿ ಇಲ್ಲದಿರಲಿ, ಸಂಘದ ಉದ್ದದ ಓಟ ಶನಿವಾರಕ್ಕೇ ನಿಂತಿದೆ. ಸಂತೆಯ ಹೆಂಗಸರು ಸೇತುವೆ ಬಂದಾಗ ತಾವಾಗಿಯೇ ಕತ್ತೆಗಳನ್ನು ಪಕ್ಕಕ್ಕೆ ಹೊಡೆಯುತ್ತಾರೆ. ಕೆಲವರು ಖಾಲಿ ಬಾಟಲಿ ಹೆಕ್ಕಿ ತಂದು ಬುಟ್ಟಿಗೆ ಹಾಕಿ ಹೋಗುತ್ತಾರೆ. ಬೆಸ್ಸೊಗೆ ಸಕ್ಕರೆಯ ಜೊತೆ ಉಪ್ಪು ಹಾಕುವ ಹೆಂಗಸು ಎಂದು ಶೆವಾಯೆಯನ್ನು ಛೇಡಿಸುವುದನ್ನು ಮಾತ್ರ ಬಿಟ್ಟಿಲ್ಲ.

ಇಷ್ಟಾದರೂ ಓಟ ಮುಗಿಯುವುದನ್ನು ಶೆವಾಯೆ ಒಮ್ಮೆಯೂ ನೋಡಿಲ್ಲ. ಸ್ಪರ್ಧೆಗಳಲ್ಲೂ ಅವರ ಜಾಗ ನಡುದಾರಿಯೇ. ಜಿನಾಷ್ ನಾಲ್ಕನೆಯವಳಾಗಿ ಗೆರೆ ದಾಟುವಾಗ ಅವರು ಎಲ್ಲೋ ಹತ್ತು ಕಿಲೋಮೀಟರ್ ಹಿಂದೆ ಪೊದೆಗಳಲ್ಲಿ ಬಾಟಲಿ ಹುಡುಕುತ್ತಿದ್ದರು. ಸುದ್ದಿ ಫೋನಿನಲ್ಲಿ ಬಂತು. ಹಾಗಾದರೆ ಆಸೆಯಿಲ್ಲವೆ ಎಂದು ಕೇಳಿದರೆ, ಖಾಲಿ ಬಾಟಲಿಯೊಂದರ ದಾರವನ್ನು ಬಿಗಿಯುತ್ತ ಹೇಳುತ್ತಾರೆ:

“ಇದೆ. ಆ ಗೆರೆ ಹತ್ರ ಒಂದ್ಸಲ ಕುರ್ಚಿ ಹಾಕ್ಕೊಂಡು ಕೂರ್ಬೇಕು. ಗೆದ್ದೋರನ್ನ ನೋಡಕ್ಕಲ್ಲ. ಗೆಲ್ಲೋರು ನನ್ನ ಮುಂದೆ ಹೋಗೋವಾಗ್ಲೇ ಗೊತ್ತಾಗತ್ತೆ. ಕೊನೇಲಿ ಹೋಗ್ತಾರಲ್ಲ, ಅವ್ರನ್ನ ಕಂಡಾಗ, ಇವ್ರು ಮುಟ್ಟಲ್ಲ ಅನ್ಸತ್ತೆ. ಆಮೇಲೆ ಯಾರೋ ಹೇಳ್ತಾರೆ, ಮುಟ್ಟಿದ್ರು ಅಂತ. ಹೇಗೆ ಮುಟ್ಟಿದ್ರು, ಅದನ್ನ ಕಣ್ಣಾರೆ ನೋಡ್ಬೇಕು.”