ದಡಿಯ ನಕ್ಷೆಗೆ ನಾಲ್ಕು ಲೈಬ್ರರಿ ಫೈಲು

ಕಂಪ್ಯೂಟರು ಹೊಸದಾಗಿ ಬಂದಾಗ ಒಂದು ಫ್ಲಾಪಿ ತೂರಿಸಿದರೆ ಕೆಲಸ ಮುಗಿಯುತ್ತಿತ್ತು ಎಂದು ಈಗ ಹಲವರು ಹೇಳುತ್ತಾರೆ. ನಾನದನ್ನು ಒಪ್ಪುವುದಿಲ್ಲ. ಇಚಲಕರಂಜಿಯಲ್ಲಿ ಹಾಗೆ ತೂರಿಸಿ ಮುಖ ಸಣ್ಣದು ಮಾಡಿಕೊಂಡವನು ನಾನೇ.

ಎಂಬತ್ತರ ದಶಕದ ಕೊನೆಯ ಮಾತು. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಗೋಮಿಯೋ ರುದ್ರಾಕ್ಷಿಯೋ ಅಂಥ ಚಿತ್ತಾರ ಮೂಡಬೇಕಾದರೆ, ಮಗ್ಗದ ಮೇಲಿನ ಮರದ ಪಟ್ಟಿಗಳಲ್ಲಿ ಯಾವ ತೂತಿಗೆ ಗೂಟ ಹೊಡೆಯಬೇಕೆಂಬ ನಕ್ಷೆ ಬೇಕು. ಅದನ್ನು ಗ್ರಾಫ್ ಕಾಗದದ ಮೇಲೆ ಬರೆಯುವುದು ನನ್ನ ಕಸುಬು. ಪುಸ್ತಕ ಓದಿ ಕಲಿತು, ಕೊಲ್ಹಾಪುರದ ಒಂದು ಕಂಪ್ಯೂಟರ್ ಕ್ಲಾಸಿನ ಯಂತ್ರದಲ್ಲಿ, ಆ ನಕ್ಷೆ ತೆಗೆಯುವ ಪ್ರೋಗ್ರಾಮ್ ಬರೆದೆ. ಗಡಹಿಂಗ್ಲಜದಿಂದ ಬಂದು ಇಚಲಕರಂಜಿಯಲ್ಲಿ ಮಗ್ಗ ಹಾಕಿದ್ದ ಸಾವಕಾರರೊಬ್ಬರು ಆಗಷ್ಟೇ ಕಂಪ್ಯೂಟರ್ ತಂದಿದ್ದರು. ಅವರ ನಾಲ್ಕು ಮಗ್ಗಗಳು ಹೊಸ ದಡಿಗಾಗಿ ಖಾಲಿ ನಿಂತಿದ್ದವು.

ಪ್ರೋಗ್ರಾಮಿನ ಫೈಲೊಂದನ್ನು ಒಯ್ದರೆ ಸಾಕೆಂದು ಕ್ಲಾಸಿನ ಶಿಕ್ಷಕರು ಹೇಳಿದ್ದರು. ಒಯ್ದೆ. ಸಾವಕಾರರು ಯಂತ್ರಕ್ಕೆ ಕುಂಕುಮ ಹಚ್ಚಿದರು, ನಾನು ಫ್ಲಾಪಿ ಹಾಕಿದೆ. ಪರದೆಯ ಮೇಲೆ ಒಂದೇ ಸಾಲು ಬಂತು: ಲೈಬ್ರರಿ ಫೈಲು ಸಿಗುತ್ತಿಲ್ಲ.

ಬಾಗಿಲಲ್ಲಿ ನಿಂತಿದ್ದ ಹಿರಿಯ ನಕ್ಷೆಗಾರ ಕಾಕಾ ಎಲೆ ಅಡಿಕೆ ಒಂದು ದವಡೆಗೆ ಸರಿಸಿದರು. “ಮದಮಗ ಒಬ್ಬನ ಬಂದಾನ. ಬೀಗರು ಇನ್ನೂ ಹಾತಕಣಂಗಲೆ ಸ್ಟೇಷನ್ನಾಗ ಅದಾರೇನ?”

ಸಾವಕಾರರು ನಗಲಿಲ್ಲ. “ಅಣ್ಣಾರ, ನಾಳೆ ಸಂಜಿಯೊಳಗ ನಕ್ಷಾ ಬರಬೇಕ್ರಿ. ಇಲ್ಲಂದ್ರ ದಡಿ ಕೆಲಸೆಲ್ಲಾ ಕಾಕಾಗ.”

ಗೆರೆ ಎಳೆಯುವ, ಪ್ರಿಂಟರಿಗೆ ಕಳಿಸುವ ಕೆಲಸಗಳನ್ನು ನಾನು ಬರೆದಿರಲಿಲ್ಲ. ಬೇರೆಯವರು ಬರೆದಿಟ್ಟ ಲೈಬ್ರರಿ ಫೈಲುಗಳಿಂದ ಎರವಲು ಪಡೆದಿದ್ದೆ. ಕೊಲ್ಹಾಪುರದ ಯಂತ್ರದಲ್ಲಿ ಅವು ಮೊದಲೇ ಇದ್ದುದರಿಂದ ಕೊರತೆ ಕಂಡಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಕೊಲ್ಹಾಪುರಕ್ಕೆ ಹೋದೆ. ಶಿಕ್ಷಕರು, “ಸಗಳಂ ಘೇವೂನ್ ಜಾ,” ಎಲ್ಲವನ್ನೂ ಒಯ್ಯಿ, ಎಂದರು. ಎಲ್ಲಕ್ಕೂ ಹದಿನೈದು ಫ್ಲಾಪಿ ಬೇಕಿತ್ತು. ನನ್ನ ಬಳಿ ಇದ್ದುದು ಎರಡು. ಅಲ್ಲದೆ, ಮೊನ್ನೆ ಒಂದೇ ಸಾಕೆಂದವರು ಇಂದು ಎಲ್ಲ ಬೇಕೆಂದರೆ ಎರಡನ್ನೂ ನಂಬುವುದು ಹೇಗೆ? ನಿಜಕ್ಕೂ ಯಾವ ಫೈಲುಗಳು ಬೇಕೆಂದು ನೋಡಲು, ಕ್ಲಾಸಿನ ಯಂತ್ರವನ್ನು ಅದರ ಒಳಗಿನ ಡಿಸ್ಕ್ ಬಳಸದೆ ನನ್ನ ಫ್ಲಾಪಿಯಿಂದಲೇ ಆರಂಭಿಸಿದೆ. ಈಗ ಅದೂ ಸಾವಕಾರರ ಯಂತ್ರದಷ್ಟೇ ಬರಿದು. ಪ್ರೋಗ್ರಾಮ್, ಊಟಕ್ಕೆ ಕೂತ ಅಳಿಯನಂತೆ, ಒಂದು ಬಡಿಸಿದ ಮೇಲೆ ಇನ್ನೊಂದು ಕೇಳತೊಡಗಿತು. ಕೇಳಿದ ಲೈಬ್ರರಿ ಫೈಲನ್ನಷ್ಟೇ ಫ್ಲಾಪಿಗೆ ಹಾಕುತ್ತ ಹೋದೆ. ನಾಲ್ಕನೆಯದು ಅಕ್ಷರಗಳ ಆಕಾರಗಳನ್ನು ತುಂಬಿಟ್ಟ ಪುಟ್ಟ ಫೈಲು. ಮುದ್ರಿಸುವ ಗಳಿಗೆಯಲ್ಲಷ್ಟೇ ಅದರ ನೆನಪಾಯಿತು ಈ ಅಳಿಯನಿಗೆ. ಪರದೆಯ ಮೇಲೆ ನಕ್ಷೆ ಕಂಡಿತೆಂದು ಎದ್ದುಬಿಟ್ಟಿದ್ದರೆ ಮತ್ತೆ ಸಿಕ್ಕಿಬೀಳುತ್ತಿದ್ದೆ.

ಮಧ್ಯಾಹ್ನ ಇಚಲಕರಂಜಿಯಲ್ಲಿ ಪ್ರಿಂಟರು ಕರಕರ ಸದ್ದು ಮಾಡುತ್ತ ನಕ್ಷೆ ಹೊರತಳ್ಳಿತು. ಗೂಟ ಹೊಡೆದು ಒಂದು ಮಗ್ಗ ಹೂಡಿದರು. ಗೇಣುದ್ದ ದಡಿ ಬಂದಾಗ ಕಾಕಾ ಕನ್ನಡಕ ಏರಿಸಿ, ಉಗುರಿನಿಂದ ಎಳೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

“ತಪ್ಪೇನ ಸಿಗವಲ್ದು,” ಎಂದರು ಬೇಸರದಿಂದ. “ಆದ್ರ ಬಣ್ಣ ನೋಡ್ರಿ, ಕಣ್ಣಿಗೆ ಚುಚ್ಚತೈತಿ.”

ಸಾವಕಾರರು ಉಳಿದ ಮೂರು ಮಗ್ಗಗಳ ಪಟ್ಟಿ ಬಿಚ್ಚಿ ಇದೇ ನಕ್ಷೆಯ ಗೂಟ ಹೊಡೆಯಲು ಕೆಲಸಗಾರರಿಗೆ ಸನ್ನೆ ಮಾಡಿ ಹೇಳಿದರು: “ಬಣ್ಣಾ ಆರಿಸಿದಾಂವ ನಾನರಿ ಕಾಕಾ. ಅಣ್ಣಾರ, ಬರೂ ದಡೀ ನಕ್ಷಾನೂ ನೀವ ತಗೀರಿ.”